ಲಿನಕ್ಸ್ ಕಂಪ್ಯೂಟರಿನಲ್ಲಿ ವೋಲ್ಟೇಜ್ ಅಲಾರಂ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಗೋಣಿಕೊಪ್ಪದ ಸುತ್ತಮುತ್ತ ಕೆಲವು ಲಿನಕ್ಸ್ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಎರಡು ತೋಟದ ಆಫೀಸು, ಒಂದೆರಡು ಹೋಂಸ್ಟೇ, ಒಂದು ಶಾಲೆಯ ಲ್ಯಾಬ್. ಜೂನ್ ಬಂತು ಅಂದರೆ ಫೋನ್ ಶುರು. "ಕರೆಂಟ್ ಸರಿ ಇಲ್ಲ, ಕಂಪ್ಯೂಟರ್ ಅಲಾರಂ ತೋರಿಸ್ತಾ ಇದೆ" ಅಂತ. ಹೋಗಿ ನೋಡಿದರೆ ಬಹುತೇಕ ಸಲ ಕರೆಂಟಿನ ತಪ್ಪೇನೂ ಇರುವುದಿಲ್ಲ. ಮಿತಿಯನ್ನು ಯಾರೂ ಸರಿಯಾಗಿ ಇಟ್ಟಿರುವುದಿಲ್ಲ, ಅಷ್ಟೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿ ಇದನ್ನು ಬರೆದಿಟ್ಟಿದ್ದೇನೆ.

ಒಂದು ಮಾತು: ಕಮಾಂಡುಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ‘ಸೆನ್ಸರ್ಸ್’ ಅನ್ನುವುದು ಎಲ್‌ಎಂ-ಸೆನ್ಸರ್ಸ್ ತಂತ್ರಾಂಶದ ಕಮಾಂಡ್, ಯಂತ್ರದೊಳಗಿನ ವೋಲ್ಟೇಜ್, ಬಿಸಿ ಇವುಗಳನ್ನು ಓದಿ ತೋರಿಸುತ್ತದೆ.

‘ಸೆನ್ಸರ್ಸ್’ ಅಂತ ಹೊಡೆದರೆ ವೋಲ್ಟೇಜ್ ಸಾಲಿನ ಕೊನೆಗೆ ‘ಅಲಾರಂ’ ಅಂತ ಬರುತ್ತಿದೆ. ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟ್ ಕೊಡುವ ಡಬ್ಬಿ) ಹೋಯ್ತಾ?

ಮೊದಲು ಅದೇ ಸಾಲಿನ ಆವರಣದೊಳಗೆ ಏನಿದೆ ಓದಿ. ಮಿನ್ ಎಷ್ಟು, ಮ್ಯಾಕ್ಸ್ ಎಷ್ಟು ಅಂತ ಇರುತ್ತದೆ. ಓದಿದ ಬೆಲೆ 1.02 ವೋಲ್ಟ್, ಮಿನ್ 0.00, ಮ್ಯಾಕ್ಸ್ 0.00 ಅಂತ ಇದ್ದರೆ ಅಲಾರಂ ಬರದೆ ಇನ್ನೇನು ಬರುತ್ತದೆ? ಸೊನ್ನೆಗಿಂತ ಜಾಸ್ತಿ ಇದ್ದದ್ದೆಲ್ಲ ಚಿಪ್ಪಿನ ಲೆಕ್ಕದಲ್ಲಿ ಮಿತಿ ಮೀರಿದ್ದೇ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ನೋಡಿಕೊಳ್ಳಲು ಸಿಕ್ಕಿದ ಮೊದಲ ಯಂತ್ರಕ್ಕೆ ಎರಡು ಸಲ ಎಸ್‌ಎಂಪಿಎಸ್ ಬದಲಿಸಿದೆ. ಅಲಾರಂ ಹೋಗಲಿಲ್ಲ. ಮೂರನೇ ದಿನ ಕಾಫಿ ಕುಡಿಯುತ್ತಾ ಸುಮ್ನೆ ಪರದೆ ನೋಡುತ್ತಿದ್ದಾಗ ಆ ಎರಡು ಸೊನ್ನೆಗಳು ಕಣ್ಣಿಗೆ ಬಿದ್ದವು.

ಈ ಮಿತಿ ಇಡುವವರು ಯಾರು?

ಮದರ್‌ಬೋರ್ಡಿನ ಮೇಲೆ ಸೂಪರ್ ಐಓ ಅನ್ನುವ ಚಿಪ್ ಇರುತ್ತದೆ. ಹೆಚ್ಚಾಗಿ ನುವೋಟನ್ ಇಲ್ಲವೇ ಐಟಿಇ ಕಂಪನಿಯದು. ವೋಲ್ಟೇಜ್, ಫ್ಯಾನ್ ವೇಗ, ಬಿಸಿ ಇವುಗಳನ್ನು ಅಳೆಯುವುದು ಅದೇ. ಪ್ರತಿ ವೋಲ್ಟೇಜಿಗೂ ಒಂದು ಕೆಳಮಿತಿ, ಒಂದು ಮೇಲ್ಮಿತಿ ಬರೆದಿಡಲು ಚಿಪ್ಪಿನೊಳಗೆ ಜಾಗ ಇದೆ. ಅದನ್ನು ತುಂಬುವ ಕೆಲಸ ಬಯೋಸ್ (ಯಂತ್ರ ಆನ್ ಮಾಡಿದಾಗ ಮೊದಲು ಓಡುವ ಬೋರ್ಡಿನ ತಂತ್ರಾಂಶ) ಮಾಡಬಹುದು. ಎಷ್ಟೋ ಬೋರ್ಡುಗಳಲ್ಲಿ ಮಾಡುವುದಿಲ್ಲ. ಆಗ ಅಲ್ಲಿ ಸೊನ್ನೆಯೋ ಹಳೆಯ ಯಾವುದೋ ಕಸವೋ ಉಳಿದಿರುತ್ತದೆ. ಲಿನಕ್ಸ್ ಕರ್ನೆಲ್ಲಿನ ಡ್ರೈವರ್ ಅಲ್ಲಿ ಇದ್ದದ್ದನ್ನು ಇದ್ದ ಹಾಗೇ ತೋರಿಸುತ್ತದೆ. ತಾನಾಗಿ ಊಹಿಸಿ ತುಂಬುವುದಿಲ್ಲ. ಅದು ಸರಿ ಕೂಡ.

ಅಂದಹಾಗೆ, ಎಲ್‌ಎಂ-ಸೆನ್ಸರ್ಸ್ ಅನ್ನುವ ಹೆಸರಿನ ‘ಎಲ್‌ಎಂ’ ಬಂದದ್ದು ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ78, ಎಲ್‌ಎಂ75 ಅನ್ನುವ ಹಳೆಯ ಚಿಪ್ಪುಗಳಿಂದ.

ಮಿತಿ ಬದಲಿಸಿದರೆ ವೋಲ್ಟೇಜ್ ಬದಲಾಗುತ್ತಾ?

ಇಲ್ಲ. ಮಳೆ ಅಳೆಯುವ ಗೇಜಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದರೆ ಮಳೆ ಕಡಿಮೆ ಆಗುವುದಿಲ್ಲ, ಅಲ್ವಾ? ಇದೂ ಹಾಗೇ. ಮಿತಿ ಮೀರಿತು ಅಂತ ಕಂಪ್ಯೂಟರ್ ತಾನಾಗಿ ಆಫ್ ಆಗುವುದೂ ಇಲ್ಲ. ಒಂದು ಗುರುತು ಬೀಳುತ್ತದೆ. ಕೆಲವು ಬೋರ್ಡುಗಳಲ್ಲಿ ಬೀಪ್ ಹೊಡೆಯುತ್ತದೆ.

ಫೆಬ್ರವರಿ, ಮಾರ್ಚಿನಲ್ಲಿ ಎಲ್ಲರೂ ಸ್ಪ್ರಿಂಕ್ಲರ್ ಹಾಕುತ್ತಾರೆ. ರಾತ್ರಿ ಬಲ್ಬ್ ಮಂಕಾಗುತ್ತದೆ. ಆ ಲೋ ವೋಲ್ಟೇಜ್ ಸೆನ್ಸರಿನಲ್ಲಿ ಕಾಣಬೇಕಲ್ಲ?

ಎಲ್ಲರೂ ಎಡವುವುದು ಇಲ್ಲೇ. ಕಾಫಿ ಅರಳಿಸುವ ಹೂ ಮಳೆ ಬರದಿದ್ದರೆ ಕೆರೆಯಿಂದ ನೀರೆತ್ತಿ ಕಾಫಿಗೆ ಹಾರಿಸಲೇಬೇಕು. ಅಷ್ಟೂ ತೋಟದ ಪಂಪುಗಳು ಒಟ್ಟಿಗೆ ಓಡಿದರೆ ಲೈನಿನ ಕೊನೆಯ ಮನೆಗೆ ಬರುವ ವೋಲ್ಟೇಜ್ ಇಳಿಯುತ್ತದೆ. ಇದು ನಿಜ. ಆದರೆ ಸೂಪರ್ ಐಓ ಚಿಪ್ ಮನೆಯ 230 ವೋಲ್ಟನ್ನು ನೋಡುವುದೇ ಇಲ್ಲ. ಅದು ನೋಡುವುದು ಎಸ್‌ಎಂಪಿಎಸ್ಸಿನಿಂದ ಹೊರಗೆ ಬರುವ 12, 5, 3.3 ವೋಲ್ಟುಗಳನ್ನು.

ಎಸ್‌ಎಂಪಿಎಸ್ಸಿನ ಕೆಲಸವೇ ಒಳಬರುವ ಕರೆಂಟಿನಲ್ಲಿ ಏನೇ ಏರುಪೇರಾದರೂ ಹೊರಗೆ 12 ಅನ್ನು 12 ಆಗಿಯೇ ಕೊಡುವುದು. ಅದರ ಪಕ್ಕದ ಚೀಟಿ ಓದಿ. ಕೆಲವು 100ರಿಂದ 240 ವೋಲ್ಟಿಗೆ ಓಡುತ್ತವೆ, ಕೆಲವು 200ರಿಂದ 240ಕ್ಕೆ ಮಾತ್ರ. ಆ ವ್ಯಾಪ್ತಿಯಲ್ಲಿ ಇರುವವರೆಗೂ ಬಲ್ಬ್ ಎಷ್ಟು ಮಂಕಾದರೂ ಸೆನ್ಸರ್ ಅಲುಗುವುದಿಲ್ಲ. ವ್ಯಾಪ್ತಿ ತೀರಾ ದಾಟಿದಾಗ ಎಸ್‌ಎಂಪಿಎಸ್ ‘ಪವರ್ ಗುಡ್’ ಅನ್ನುವ ಸಂಕೇತವನ್ನು ಕೆಳಗಿಳಿಸುತ್ತದೆ, ಯಂತ್ರ ಒಮ್ಮೆಲೇ ರೀಸ್ಟಾರ್ಟ್ ಆಗುತ್ತದೆ. ಅಲಾರಂ ತೋರಿಸುವಷ್ಟು ಪುರುಸೊತ್ತು ಅದಕ್ಕೆ ಇರುವುದಿಲ್ಲ.

ಹಾಗಾಗಿ ರಾತ್ರಿ ಯಂತ್ರ ರೀಸ್ಟಾರ್ಟ್ ಆಗುತ್ತಿದ್ದರೆ ಸೆನ್ಸರ್ ಮಿತಿ ತಿದ್ದುತ್ತಾ ಕೂರಬೇಡಿ. ಒಂದು ಯುಪಿಎಸ್ ಹಾಕಿ. ಯುಎಸ್‌ಬಿ ಇರುವ ಕೆಲವು ಯುಪಿಎಸ್‌ಗಳು ಒಳಬರುವ ಲೈನ್ ವೋಲ್ಟೇಜನ್ನೂ ಹೇಳುತ್ತವೆ. ‘ನಟ್’ ಅನ್ನುವ ತಂತ್ರಾಂಶ ಹಾಕಿಕೊಂಡರೆ ಅದನ್ನು ಲಿನಕ್ಸಿನಲ್ಲೇ ಓದಬಹುದು. ಲೈನ್‌ಮ್ಯಾನ್ ಹತ್ತಿರ ಮಾತಾಡುವಾಗ ಆ ಅಂಕಿ ಕೈಯಲ್ಲಿದ್ದರೆ ಒಳ್ಳೆಯದು.

12 ವೋಲ್ಟಿನ ಸಾಲು 1 ವೋಲ್ಟ್ ತೋರಿಸುತ್ತಿದೆ. ಆದರೂ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದೆ. ಇದೇನು?

ಚಿಪ್ಪಿಗೆ ನೇರವಾಗಿ 12 ವೋಲ್ಟ್ ಕೊಡಲು ಆಗುವುದಿಲ್ಲ. ಎನ್‌ಸಿಟಿ6776ರಂಥ ನುವೋಟನ್ ಚಿಪ್ಪು ಒಂದು ಪಿನ್ನಿನಲ್ಲಿ ಓದಬಲ್ಲದ್ದು 2.04 ವೋಲ್ಟ್ ವರೆಗೆ ಮಾತ್ರ. 8 ಮಿಲಿವೋಲ್ಟಿನ 255 ಮೆಟ್ಟಿಲು. ಅದಕ್ಕೇ ಬೋರ್ಡ್ ಮಾಡುವವರು ಎರಡು ರೆಸಿಸ್ಟರ್ ಹಾಕಿ ವೋಲ್ಟೇಜನ್ನು ತಗ್ಗಿಸಿ ಕೊಡುತ್ತಾರೆ. ಉದಾಹರಣೆಗೆ 110 ಕಿಲೋಓಮ್ ಮತ್ತು 10 ಕಿಲೋಓಮ್ ಹಾಕಿದರೆ ಪಿನ್ನಿಗೆ ಬರುವುದು ಹನ್ನೆರಡರಲ್ಲಿ ಒಂದು ಪಾಲು. 12 ವೋಲ್ಟ್ ಇದ್ದರೆ 1 ವೋಲ್ಟ್.

ಯಾವ ಬೋರ್ಡಿನಲ್ಲಿ ಯಾವ ರೆಸಿಸ್ಟರ್ ಅನ್ನುವುದು ಕರ್ನೆಲ್ಲಿಗೆ ಗೊತ್ತಿಲ್ಲ. ಒಂದೇ ಚಿಪ್ಪು, ಎರಡು ಕಂಪನಿ, ಎರಡು ಲೆಕ್ಕ. ಆದ್ದರಿಂದ ಗುಣಿಸುವ ಕೆಲಸ ನಮ್ಮದು.

ಪತ್ತೆ ಹಚ್ಚುವುದು ಹೀಗೆ. ಬಯೋಸಿಗೆ ಹೋಗಿ ಹಾರ್ಡ್‌ವೇರ್ ಮಾನಿಟರ್ ಪುಟ ತೆರೆಯಿರಿ. ಅಲ್ಲಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಲಿನಕ್ಸಿಗೆ ಬಂದು ‘ಸೆನ್ಸರ್ಸ್’ ಕೊಟ್ಟು ಹೋಲಿಸಿ. ನನ್ನ ಮೇಜಿನ ಯಂತ್ರದಲ್ಲಿ ಬಯೋಸ್ 12.096 ಅಂದಿತ್ತು, ಲಿನಕ್ಸಿನಲ್ಲಿ ಇನ್1 ಸಾಲು 1.008 ಅಂದಿತ್ತು. ಭಾಗಿಸಿದರೆ ಸರಿಯಾಗಿ 12. ಇಷ್ಟು ಚೊಕ್ಕವಾಗಿ ಹೊಂದಿದರೆ ಅನುಮಾನವೇ ಬೇಡ. 11.7, 12.3 ಅಂತ ಏನೋ ಬಂದರೆ ನೀವು ಬೇರೆ ಪಿನ್ ಹಿಡಿದಿರಬಹುದು.

ಸರಿ, ಮಿತಿ ಎಷ್ಟು ಇಡಬೇಕು?

ಕಂಪ್ಯೂಟರ್ ಎಸ್‌ಎಂಪಿಎಸ್ಸುಗಳ ಎಟಿಎಕ್ಸ್ ಮಾನದಂಡದಲ್ಲಿ 12, 5, 3.3 ವೋಲ್ಟುಗಳಿಗೆ ಬಹುಕಾಲದಿಂದ ಇರುವ ರೂಢಿ ಆಚೆಈಚೆ 5 ಶೇಕಡ. ಅಂದರೆ 12ಕ್ಕೆ 11.40ರಿಂದ 12.60. 5ಕ್ಕೆ 4.75ರಿಂದ 5.25. 3.3ಕ್ಕೆ 3.135ರಿಂದ 3.465. ಹಳೆಯ ಬೋರ್ಡುಗಳಲ್ಲಿ ಮೈನಸ್ 12 ವೋಲ್ಟ್ ಕಂಡರೆ ಅದಕ್ಕೆ 10 ಶೇಕಡ.

ಎಲ್‌ಎಂ-ಸೆನ್ಸರ್ಸ್ ಜೊತೆಗೇ ಬರುವ ಫೈಲಿನಲ್ಲಿ 3.3 ವೋಲ್ಟಿಗೆ 10 ಶೇಕಡ ಬಿಟ್ಟಿದ್ದಾರೆ. ನನಗೆ ಅದು ಸ್ವಲ್ಪ ಸಡಿಲ ಅನ್ನಿಸುತ್ತದೆ. ಆದರೆ ಚಿಪ್ಪೂ ರೆಸಿಸ್ಟರೂ ಸೇರಿ ಓದುವಾಗಲೇ ಒಂದಿಷ್ಟು ಹೆಚ್ಚುಕಮ್ಮಿ ಆಗುತ್ತದಲ್ಲ. ಅದಕ್ಕೇ ಬಿಟ್ಟಿರಬೇಕು.

ಎಲ್ಲಿ ಬರೆಯಬೇಕು?

‘ಈಟಿಸಿ’ ಒಳಗಿನ ‘ಸೆನ್ಸರ್ಸ್3.ಕಾನ್ಫ್’ ಮುಟ್ಟಬೇಡಿ. ‘ಈಟಿಸಿ’ ಒಳಗೇ ‘ಸೆನ್ಸರ್ಸ್.ಡಿ’ ಅನ್ನುವ ಫೋಲ್ಡರ್ ಇದೆ. ಅಲ್ಲಿ ನಿಮ್ಮದೇ ಒಂದು ಫೈಲ್ ಮಾಡಿ. ಹೀಗೆ ಕಾಣಬೇಕು:

ಚಿಪ್ "ಎನ್‌ಸಿಟಿ6776-*"
ಲೇಬಲ್ ಇನ್1 "+12ವಿ"
ಕಂಪ್ಯೂಟ್ ಇನ್1 @*12, @/12
ಸೆಟ್ ಇನ್1_ಮಿನ್ 12*0.95
ಸೆಟ್ ಇನ್1_ಮ್ಯಾಕ್ಸ್ 12*1.05

ಕಂಪ್ಯೂಟ್ ಸಾಲಿನಲ್ಲಿ ಅಲ್ಪವಿರಾಮದ ಎರಡೂ ಕಡೆ ನೋಡಿ. ಮೊದಲನೆಯದು ಓದಲು: ಪಿನ್ನಿನ ಬೆಲೆಯನ್ನು ನಿಜವಾದ ವೋಲ್ಟೇಜ್ ಮಾಡುತ್ತದೆ. ಎರಡನೆಯದು ಬರೆಯಲು: ನೀವು ಕೊಟ್ಟ ಮಿತಿಯನ್ನು ಪಿನ್ನಿನ ಬೆಲೆಗೆ ಇಳಿಸುತ್ತದೆ. ಎರಡೂ ಒಂದಕ್ಕೊಂದು ತಿರುಗಾಮುರುಗಾ ಇರಬೇಕು. ಎರಡನೆಯದನ್ನು ತಪ್ಪಾಗಿ ಬರೆದರೆ ಓದುವ ಅಂಕಿ ಸರಿಯಾಗಿಯೇ ಬರುತ್ತದೆ, ಮಿತಿ ಮಾತ್ರ ಎಲ್ಲೋ ಹೋಗಿ ಕೂರುತ್ತದೆ. 12.00 ಓದುತ್ತಿದೆ, ಮಿತಿ 24 ಅಂತ ತೋರಿಸುತ್ತಿದೆ ಅಂದರೆ ಮೊದಲು ನೋಡಬೇಕಾದ ಜಾಗ ಅದೇ. ಪಿನ್ನಿಗೆ 2.04ಕ್ಕಿಂತ ಜಾಸ್ತಿ ಬರೆಯಲು ಆಗುವುದಿಲ್ಲ, ಅದರ 12 ಪಟ್ಟು 24.48. ಚಿಪ್ಪು ತನ್ನ ಛಾವಣಿಗೆ ತಲೆ ತಾಗಿಸಿಕೊಂಡು ನಿಂತಿದೆ ಅಂತ ಅರ್ಥ.

11.40 ಅಂತ ಬರೆದೆ, 11.42 ತೋರಿಸುತ್ತಿದೆ. ತಪ್ಪಾಯ್ತಾ?

ಇಲ್ಲ. 11.40 ಅನ್ನು 12ರಿಂದ ಭಾಗಿಸಿದರೆ 950 ಮಿಲಿವೋಲ್ಟ್. ಚಿಪ್ಪು 8ರ ಮೆಟ್ಟಿಲಲ್ಲೇ ಹತ್ತುವುದು. ಹತ್ತಿರದ ಮೆಟ್ಟಿಲು 952. ಅದನ್ನು ಮತ್ತೆ 12ರಿಂದ ಗುಣಿಸಿದರೆ 11.424. ಮೇಲ್ಮಿತಿ 12.60 ಕೊಟ್ಟರೆ ಇದೇ ಲೆಕ್ಕದಲ್ಲಿ 12.58 ಆಗುತ್ತದೆ.

ಇದರಿಂದ ಇನ್ನೊಂದು ಸಂಗತಿಯೂ ಗೊತ್ತಾಗುತ್ತದೆ. 12 ವೋಲ್ಟಿನ ಸಾಲಿನಲ್ಲಿ ಒಂದು ಮೆಟ್ಟಿಲು ಅಂದರೆ 96 ಮಿಲಿವೋಲ್ಟ್. ಅಂಕಿ 11.90, 12.00, 12.10 ಅಂತ ಹಾರುತ್ತಿದ್ದರೆ ಎಸ್‌ಎಂಪಿಎಸ್ ನಡುಗುತ್ತಿದೆ ಅಂತ ಅಲ್ಲ. ಇದಕ್ಕಿಂತ ಸಣ್ಣದಾಗಿ ಚಿಪ್ಪಿಗೆ ಹೇಳಲು ಬರುವುದಿಲ್ಲ. ಇಂಚು ಮಾತ್ರ ಗುರುತು ಹಾಕಿದ ಮಳೆ ಗೇಜಿನಲ್ಲಿ ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕ ಕೇಳಿದ ಹಾಗೆ.

ಫೈಲ್ ತಿದ್ದಿದೆ. ಏನೂ ಬದಲಾಗಿಲ್ಲ.

‘ಸೆನ್ಸರ್ಸ್’ ಅಂತ ಮಾತ್ರ ಕೊಟ್ಟರೆ ಅದು ಓದುತ್ತದೆ, ಬರೆಯುವುದಿಲ್ಲ. ಮಿತಿಯನ್ನು ಚಿಪ್ಪಿಗೆ ಕಳಿಸಲು ‘ಸುಡೋ ಸೆನ್ಸರ್ಸ್ -ಎಸ್’ ಕೊಡಬೇಕು (ಸುಡೋ ಅಂದರೆ ಅಡ್ಮಿನ್ ಅಧಿಕಾರದಿಂದ ಓಡಿಸುವುದು). ಹೆಸರು ಮತ್ತು ಗುಣಾಕಾರ ತಕ್ಷಣ ಕಾಣುತ್ತವೆ, ಮಿತಿ ಕಾಣುವುದಿಲ್ಲ. ಅದಕ್ಕೇ ಜನ ಗೊಂದಲಕ್ಕೆ ಬೀಳುವುದು.

ಕೊಟ್ಟ ಮೇಲೂ ಮೊದಲ ಸಲ ಅಲಾರಂ ಹಾಗೇ ಉಳಿದಿರಬಹುದು. ಕೆಲವು ಚಿಪ್ಪುಗಳು ಹಳೆಯ ಅಲಾರಂ ಗುರುತನ್ನು ಯಾರಾದರೂ ಓದುವವರೆಗೂ ಹಿಡಿದಿಟ್ಟುಕೊಳ್ಳುತ್ತವೆ. ಎರಡು ಮೂರು ಸೆಕೆಂಡ್ ಬಿಟ್ಟು ಇನ್ನೊಂದು ಸಲ ‘ಸೆನ್ಸರ್ಸ್’ ಕೊಡಿ.

ರೀಸ್ಟಾರ್ಟ್ ಮಾಡಿದಾಗ ಮಿತಿ ಹೋಗಿಬಿಟ್ಟರೆ ಎಲ್‌ಎಂ-ಸೆನ್ಸರ್ಸ್ ಸರ್ವೀಸ್ ಆನ್ ಇಲ್ಲ ಅಂತ ಅರ್ಥ. ಬೂಟ್ ಆಗುವಾಗ ಆ ಕಮಾಂಡನ್ನು ಓಡಿಸುವುದು ಅದೇ ಸರ್ವೀಸ್. ಯಂತ್ರ ನಿದ್ದೆಯಿಂದ ಎದ್ದ ಮೇಲೆ ಮಾತ್ರ ಹೋಗುತ್ತಿದ್ದರೆ, ಎದ್ದ ಕೂಡಲೇ ಅದೇ ಕಮಾಂಡ್ ಓಡುವ ಹಾಗೆ ಮಾಡಿ.

ಫೈಲ್ ಯಾಕೆ, ನೇರವಾಗಿ ‘ಸಿಸ್’ (ಚಿಪ್ಪಿನ ಅಂಕಿಗಳನ್ನು ಕರ್ನೆಲ್ ಫೈಲುಗಳಾಗಿ ತೋರಿಸುವ ಫೋಲ್ಡರ್) ಒಳಗೆ ಬರೆಯುತ್ತೇನೆ ಅಂತ ಹೋದೆ. ಸುಡೋ ಹಾಕಿದರೂ ಅನುಮತಿ ಇಲ್ಲ ಅನ್ನುತ್ತಿದೆ.

‘ಸುಡೋ ಎಕೋ’ ಅಂತ ಬರೆದು ಮುಂದೆ ಬಾಣದ ಗುರುತು ಹಾಕಿದ್ದೀರಿ. ಸುಡೋ ಅನ್ವಯಿಸುವುದು ಎಕೋಗೆ ಮಾತ್ರ. ಬಾಣದ ಕೆಲಸ ಮಾಡುವುದು ನಿಮ್ಮ ಶೆಲ್, ಅದಕ್ಕೆ ಅಧಿಕಾರ ಇಲ್ಲ. ಎಕೋದಿಂದ ಪೈಪ್ ಹಾಕಿ ‘ಸುಡೋ ಟೀ’ಗೆ ಕೊಡಿ.

ಅಲ್ಲಿ ಎಲ್ಲವೂ ಮಿಲಿವೋಲ್ಟಿನಲ್ಲಿ. 3.135 ಅಂತ ಬರೆದರೆ ತಪ್ಪು ಅಂತ ವಾಪಸ್ ಕಳಿಸುತ್ತದೆ, 3135 ಬರೆಯಬೇಕು. ಇನ್ನೂ ಒಂದು ಕೊಕ್ಕೆ ಇದೆ. ಕಂಪ್ಯೂಟ್ ಸಾಲಿನ ಗುಣಾಕಾರ ಇಲ್ಲಿ ನಡೆಯುವುದಿಲ್ಲ. 12 ವೋಲ್ಟಿಗೆ 11400 ಅಲ್ಲ, 950 ಬರೆಯಬೇಕು. ‘ಎಚ್‌ಡಬ್ಲ್ಯುಮಾನ್2’ ಅನ್ನುವ ಫೋಲ್ಡರಿನ ಸಂಖ್ಯೆಯನ್ನೂ ನಂಬಬೇಡಿ, ಮುಂದಿನ ಬೂಟಿನಲ್ಲಿ ಅದೇ ಚಿಪ್ಪು 3 ಆಗಿರಬಹುದು. ಸ್ಕ್ರಿಪ್ಟ್ ಬರೆಯುವುದಾದರೆ ಒಳಗಿನ ‘ನೇಮ್’ ಫೈಲ್ ಓದಿ ಚಿಪ್ಪಿನ ಹೆಸರು ಖಾತ್ರಿ ಮಾಡಿಕೊಳ್ಳಿ.

‘ಸುಡೋ ಸೆನ್ಸರ್ಸ್ -ಎಸ್’ ಕೊಟ್ಟರೆ ಎರರ್ ಬರುತ್ತಿದೆ.

ಮಿತಿಯೇ ಇಲ್ಲದ ಸಾಲಿಗೆ ಮಿತಿ ಇಡಲು ಹೋದರೆ ತಪ್ಪು ತೋರಿಸುವುದು ಸಹಜ. ಐಟಿಇ ಚಿಪ್ಪುಗಳ ಐಟಿ87 ಡ್ರೈವರಿನಲ್ಲಿ ಇನ್8 ಅಂದರೆ ಬ್ಯಾಟರಿ ವೋಲ್ಟೇಜ್. ಅದಕ್ಕೆ ಮಿತಿಯ ರಿಜಿಸ್ಟರೇ ಇಲ್ಲ. ನುವೋಟನ್ ಬೋರ್ಡಿನ ಫೈಲನ್ನು ಎತ್ತಿ, ಚಿಪ್ಪಿನ ಹೆಸರು ಮಾತ್ರ ಬದಲಿಸಿ ಐಟಿಇ ಬೋರ್ಡಿಗೆ ಹಾಕಿದಾಗ ಇದು ಆಗುತ್ತದೆ. ನಾನೂ ಮಾಡಿದ್ದೇನೆ. ಇನ್8ರ ಮಿನ್, ಮ್ಯಾಕ್ಸ್ ಎರಡು ಸಾಲು ಅಳಿಸಿ.

ವಿಕೋರ್ (ಪ್ರೊಸೆಸರಿನ ವೋಲ್ಟೇಜ್) ಸಾಲಿಗೆ ಮಿತಿ ಇಟ್ಟೆ, ಅಲಾರಂ ಬಂದು ಹೋಗಿ ಮಾಡುತ್ತಿದೆ.

ಪ್ರೊಸೆಸರ್ ಸುಮ್ಮನೆ ಕೂತಾಗ ತನ್ನ ವೋಲ್ಟೇಜ್ ಇಳಿಸಿಕೊಳ್ಳುತ್ತದೆ, ಕೆಲಸ ಬಂದಾಗ ಏರಿಸಿಕೊಳ್ಳುತ್ತದೆ. ಇಲ್ಲಿ ಬಿಗಿ ಮಿತಿ ಇಡುವುದಕ್ಕೆ ಅರ್ಥವಿಲ್ಲ.

ಒಂದು ಸಾಲು ಇವತ್ತು 0.3, ನಾಳೆ 1.7 ಅನ್ನುತ್ತದೆ.

ಆ ಪಿನ್ನಿಗೆ ಬೋರ್ಡಿನಲ್ಲಿ ಏನೂ ಜೋಡಿಸಿಲ್ಲದೆ ಇರಬಹುದು. ಬಯೋಸಿನಲ್ಲೂ ಅದು ಕಾಣದಿದ್ದರೆ ‘ಇಗ್ನೋರ್ ಇನ್5’ ಅಂತ ಒಂದು ಸಾಲು ಹಾಕಿ ಮರೆತುಬಿಡಿ.

ವಿಬ್ಯಾಟ್ ಅಲಾರಂ?

ಇದನ್ನು ಮಾತ್ರ ನಂಬಿ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ, ಸಿಆರ್2032, 3 ವೋಲ್ಟಿನದು. ಎಲ್‌ಎಂ-ಸೆನ್ಸರ್ಸ್ ಫೈಲಿನಲ್ಲಿ ಅದರ ಕೆಳಮಿತಿ 2.70. ಅದಕ್ಕಿಂತ ಇಳಿದರೆ ಬದಲಿಸಿ. ನಮ್ಮಲ್ಲಿ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡುವುದು ರೂಢಿ, ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಅಷ್ಟೂ ಹೊತ್ತು ಗಡಿಯಾರವನ್ನು ಓಡಿಸುವುದು ಆ ಬಿಲ್ಲೆಯೇ. ಕರೆಂಟ್ ಬಂದ ಮೇಲೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ವೆಬ್‌ಸೈಟುಗಳೆಲ್ಲ ಸರ್ಟಿಫಿಕೇಟ್ ಸರಿ ಇಲ್ಲ ಅಂದರೆ ಕಾರಣ ಹುಡುಕುತ್ತಾ ಕೂರಬೇಡಿ.

‘ಸೆನ್ಸರ್ಸ್’ ಕೊಟ್ಟರೆ ಬಿಸಿ ಮಾತ್ರ ತೋರಿಸುತ್ತದೆ, ವೋಲ್ಟೇಜ್ ಇಲ್ಲವೇ ಇಲ್ಲ.

‘ಸುಡೋ ಸೆನ್ಸರ್ಸ್-ಡಿಟೆಕ್ಟ್’ ಓಡಿಸಿ. ಕೇಳುವ ಪ್ರಶ್ನೆಗಳಿಗೆ ಎಂಟರ್ ಒತ್ತುತ್ತಾ ಹೋಗಿ. ಅದು ಚಿಪ್ಪು ಹುಡುಕಿ, ಯಾವ ಡ್ರೈವರ್ ಬೇಕು ಅಂತ ಹೇಳುತ್ತದೆ. ಡ್ರೈವರ್ ಹಾಕಿದರೂ ಬರದಿದ್ದರೆ ‘ಡಿಮೆಸೇಜ್’ (ಟೈಪ್ ಮಾಡುವುದು ಡಿ-ಎಂ-ಇ-ಎಸ್-ಜಿ, ಕರ್ನೆಲ್ಲಿನ ಸಂದೇಶಗಳನ್ನು ತೋರಿಸುತ್ತದೆ) ನೋಡಿ. ಎಸಿಪಿಐ (ಬಯೋಸಿನ ಕಡೆಯ ವ್ಯವಸ್ಥೆ) ಜೊತೆ ಜಾಗಕ್ಕೆ ಜಗಳ ಅಂತ ಇದ್ದರೆ, ಅದೇ ಚಿಪ್ಪನ್ನು ಬಯೋಸ್ ಕೂಡ ಬಳಸುತ್ತಿರಬಹುದು ಅಂತ ಕರ್ನೆಲ್ ಬಾಗಿಲು ಹಾಕಿದೆ. ಬೂಟ್ ಸಾಲಿನಲ್ಲಿ ‘ಎಸಿಪಿಐ_ಎನ್‌ಫೋರ್ಸ್_ರಿಸೋರ್ಸಸ್=ಲ್ಯಾಕ್ಸ್’ ಹಾಕಿದರೆ ಬಾಗಿಲು ತೆರೆಯುತ್ತದೆ. ಆದರೆ ಒಂದೇ ಚಿಪ್ಪಿಗೆ ಇಬ್ಬರು ಕೈ ಹಾಕಿದ ಹಾಗೆ ಆಗುತ್ತದೆ. ಮನೆಯ ಯಂತ್ರದಲ್ಲಿ ನಾನು ಹಾಕಿದ್ದೇನೆ, ತೋಟದ ಲೆಕ್ಕಪತ್ರ ಇರುವ ಯಂತ್ರದಲ್ಲಿ ಹಾಕಿಲ್ಲ. ಏಸುಸ್ ಬೋರ್ಡ್ ಆದರೆ ಮೊದಲು ಕರ್ನೆಲ್ ಹೊಸದು ಮಾಡಿ ನೋಡಿ. 5.16ರಿಂದ ಈಚೆಗೆ ಅವರ ಹಲವು ಬೋರ್ಡುಗಳಿಗೆ ಬೇರೆ ದಾರಿ ಇದೆ.

ಲ್ಯಾಪ್‌ಟಾಪಿನಲ್ಲಿ?

ಹೆಚ್ಚಾಗಿ ಬ್ಯಾಟರಿಯ ವೋಲ್ಟೇಜ್ ಒಂದೇ ಕಾಣುತ್ತದೆ. ಉಳಿದದ್ದು ಸಿಗುವುದು ಅಪರೂಪ.

ಕಣದ ಹತ್ತಿರ ರಾಸ್‌ಬೆರಿ ಪೈ ಇಟ್ಟಿದ್ದೇವೆ. ‘ಅಂಡರ್-ವೋಲ್ಟೇಜ್’ ಅನ್ನುತ್ತದೆ, ಮಿತಿ ಬದಲಿಸಲು ಆಗುತ್ತಿಲ್ಲ.

ಪೈನಲ್ಲಿ ಆ ಮಿತಿ ಹಾರ್ಡ್‌ವೇರಿನಲ್ಲೇ ಇದೆ, ಸುಮಾರು 4.63 ವೋಲ್ಟ್. ತಿದ್ದುವ ಹಾಗಿಲ್ಲ. ಪೈ 4ರವರೆಗಿನ ಬೋರ್ಡುಗಳಲ್ಲಿ ಅದು ಅಂಕಿಯನ್ನೂ ಕೊಡುವುದಿಲ್ಲ, ಬಿತ್ತೋ ಇಲ್ಲವೋ ಅಷ್ಟೇ ಹೇಳುತ್ತದೆ. ಇಲ್ಲಿ ಎಚ್ಚರಿಕೆ ಬಂದರೆ ಅದು ನಿಜವೇ. ಹಳೆಯ ಮೊಬೈಲ್ ಚಾರ್ಜರ್, ಉದ್ದದ ತೆಳು ಕೇಬಲ್, ಇವೆರಡನ್ನು ಬದಲಿಸಿ. ಮನೆಯಿಂದ ಕಣದವರೆಗೆ 5 ವೋಲ್ಟನ್ನೇ ಎಳೆದುಕೊಂಡು ಹೋದವರನ್ನು ನೋಡಿದ್ದೇನೆ. 230 ಅನ್ನು ಅಲ್ಲಿವರೆಗೆ ಒಯ್ದು ಅಡಾಪ್ಟರನ್ನು ಪೈ ಪಕ್ಕದಲ್ಲೇ, ಮಳೆ ತಾಗದ ಡಬ್ಬಿಯಲ್ಲಿ ಇಡಿ.

ಹಾಗಾದರೆ ಎಸ್‌ಎಂಪಿಎಸ್ ನಿಜಕ್ಕೂ ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ?

ಮಲ್ಟಿಮೀಟರ್. ಕೇಸ್ ತೆರೆದು, ಖಾಲಿ ಇರುವ ಹಳೆಯ ನಾಲ್ಕು ಪಿನ್ನಿನ ಕನೆಕ್ಟರ್ ಹುಡುಕಿ. ಕಪ್ಪು ಪ್ರೋಬ್ ಕಪ್ಪು ವಯರಿಗೆ. ಕೆಂಪು ಪ್ರೋಬ್ ಹಳದಿಗೆ ಇಟ್ಟರೆ 12, ಕೆಂಪು ವಯರಿಗೆ ಇಟ್ಟರೆ 5. ಸುಮ್ಮನೆ ಕೂತ ಯಂತ್ರದಲ್ಲಿ ಅಳೆದರೆ ಉಪಯೋಗ ಕಡಿಮೆ. ‘ಸ್ಟ್ರೆಸ್-ಎನ್‌ಜಿ’ ಹಾಕಿ ಪ್ರೊಸೆಸರ್‌ಗೆ ಮೈಮುರಿಯುವಷ್ಟು ಕೆಲಸ ಕೊಟ್ಟು ಅಳೆಯಿರಿ. ಮೀಟರ್ ಮತ್ತು ಸೆನ್ಸರ್ ಎರಡೂ 11.40ಕ್ಕಿಂತ ಕೆಳಗೆ ಅಂದರೆ ಮಾತ್ರ ಎಸ್‌ಎಂಪಿಎಸ್ಸಿನ ಮೇಲೆ ಅನುಮಾನ ಪಡಿ. ಅದರ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ.

ಹೋದ ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಮಳೆಯ ತಿಂಗಳು) ಒಂದು ತೋಟದ ಆಫೀಸಿನಿಂದ ಕರೆ ಬಂತು. ಸೆನ್ಸರ್ 11.33 ಅಂತ ತೋರಿಸುತ್ತಿತ್ತು, ಮಿತಿ ನಾನೇ ಇಟ್ಟದ್ದು, ಸರಿಯಾಗಿಯೇ ಇತ್ತು. ಬಯೋಸ್ ಕೂಡ ಅದೇ ಹಾಡು. ಸ್ಟ್ರೆಸ್ ಹಾಕಿ ಮೀಟರ್ ಇಟ್ಟರೆ 11.2. ಯಂತ್ರವನ್ನು ಗೋಡೆಯಿಂದ ಎಳೆದು ಹಿಂದೆ ಟಾರ್ಚ್ ಬಿಟ್ಟೆ. ಎಸ್‌ಎಂಪಿಎಸ್ಸಿನ ಫ್ಯಾನ್ ಜಾಲರಿಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು, ನಾಲ್ಕು ಕೋಣೆಯದು. ಫ್ಯಾನ್ ತಿರುಗುತ್ತಲೇ ಇರಲಿಲ್ಲ. ಗೂಡು ಕೆರೆದು ತೆಗೆದು ಫ್ಯಾನ್ ತಿರುಗಿದರೂ ವೋಲ್ಟೇಜ್ ಮೇಲೆ ಬರಲಿಲ್ಲ, ಬಿಸಿಗೆ ಒಳಗೆ ಏನೋ ಹೋಗಿತ್ತು. ಹೊಸದು ಹಾಕಿದೆ. ಈಗ ಆ ಸಾಲು 12.00ಕ್ಕೂ 12.10ಕ್ಕೂ ನಡುವೆ ಹಾರುತ್ತಿದೆ, ಒಂದೇ ಮೆಟ್ಟಿಲು. ಜಾಲರಿಯನ್ನು ತಿಂಗಳಿಗೊಮ್ಮೆ ಬ್ರಷ್ ಹಾಕಿ ನೋಡಿ ಅಂತ ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿ ಬಂದಿದ್ದೇನೆ.